ಒಂದು ಐಪಿ ವಿಳಾಸದ ಮೇಲೆ ಖಂಡನಾ ನಿರ್ಣಯ

ಪಶ್ಚಿಮ ಉಪನಗರ ಕನ್ನಡ ಬಳಗಕ್ಕೆ ಚನ್ನಬಸಯ್ಯನವರು ಸಲ್ಲಿಸಿದ ಸೇವೆ ಅಷ್ಟಿಷ್ಟಲ್ಲ. ಕಾರ್ಯಕ್ರಮ ಎಲ್ಲಿಯೇ ನಡೆಯಲಿ, ಕುರ್ಚಿ ಹಾಕಿಸುವವರು ಅವರು, ಮೈಕಿನವನನ್ನು ಬೈಯುವವರು ಅವರು, ಮುಖ್ಯ ಅತಿಥಿಗಳು ಹೊದ್ದ ಶಾಲನ್ನು ವೇದಿಕೆಯಲ್ಲೇ ಮರೆತು ಹೋದರೆ ಅದನ್ನು ಹಿಡಿದು ಕಾರಿನ ಹಿಂದೆ ಓಡುವವರೂ ಅವರೇ. ಇಷ್ಟಾದರೂ ಆಮಂತ್ರಣ ಪತ್ರಿಕೆಯಲ್ಲಿ ಅವರಿಗೆ ಸಿಗುತ್ತಿದ್ದ ಜಾಗ ಕೊನೆಯ ಸಾಲಿನ 'ಮತ್ತು ಸರ್ವ ಸದಸ್ಯರು' ಎಂಬಲ್ಲಿ. ಹೆಸರಿನ ಕೆಳಗೆ 'ಕಾರ್ಯದರ್ಶಿ' ಎಂದು ಅಚ್ಚಾಗಬೇಕೆಂಬ ಒಂದೇ ಒಂದು ಆಸೆ ಅವರಿಗೆ ಬಹಳ ವರ್ಷಗಳಿಂದ ಇತ್ತು. ಅದನ್ನು ಅವರು ಹೆಂಡತಿ ಶರಣವ್ವನ ಎದುರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಆ ಆಸೆ ಕೈಗೂಡಿದ್ದು ಬಳಗದ ವೆಬ್‌ಸೈಟಿನ ದೆಸೆಯಿಂದ. ವೆಬ್‌ಸೈಟಿನಲ್ಲಿ ರಾಜ್ಯೋತ್ಸವದ ಫೋಟೋಗಳಿದ್ದವು, ಅಧ್ಯಕ್ಷರ ಸಂದೇಶವಿತ್ತು. ಇವೆರಡನ್ನೂ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ವಧು-ವರರ ಪುಟ. ಅದು ಸದಸ್ಯರಿಗೆ ಮಾತ್ರ, ಪಾಸ್‌ವರ್ಡ್ ಹಾಕಿದರಷ್ಟೇ ತೆರೆಯುವಂಥದ್ದು. ಒಂದು ದಿನ ವೆಬ್‌ಸೈಟನ್ನು ನೋಡಿಕೊಳ್ಳುವ ಕಂಪನಿಯವರಿಂದ ಅಧ್ಯಕ್ಷ ಭೀಮರಾಯರಿಗೆ ಮೇಲ್ ಬಂತು: ನಿಮ್ಮ ಸರ್ವರಿನ ಮೇಲೆ ದಾಳಿ ನಡೆಯುತ್ತಿದೆ, ಗುರುತಿಲ್ಲದ ವಿಳಾಸಗಳಿಂದ ಯಾರು ಯಾರೋ ಮತ್ತೆ ಮತ್ತೆ ಒಳಗೆ ನುಗ್ಗಲು ನೋಡುತ್ತಿದ್ದಾರೆ, ಎಚ್ಚರ.

ಭೀಮರಾಯರು ದಾದರಿನಲ್ಲಿ ಸೀರೆ ಅಂಗಡಿ ಇಟ್ಟವರು, ಬೆಳಗಾವಿ ಕಡೆಯವರು, ಏನನ್ನೇ ಓದಿದರೂ ಹರಾಜು ಕೂಗಿದಂತೆ ಓದುವವರು. ಮೇಲನ್ನು ಸಮಿತಿಯ ಮುಂದೆ ಓದಿದಾಗ ಎಲ್ಲರೂ ಬೆಚ್ಚಿಬಿದ್ದರು. ಚನ್ನಬಸಯ್ಯನವರು ಮಾತ್ರ ಎದ್ದು ನಿಂತರು.

"ನಮ್ಮ ಫ್ಯಾಕ್ಟರ್‍ಯಾಗ ಗೇಟ್ ಪಾಸ್ ಇಲ್ದ ಒಂದು ಇಲಿ ಸೈತ ಹೊರಗ ಹೋಗ್ತಿದ್ದಿಲ್ರಿ," ಎಂದರು. ಅವರು ಜೋಗೇಶ್ವರಿಯ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. "ಇದೂ ಅದೇ ಕೆಲಸ. ಬಾಗಿಲ ಕಾಯೂದು."

ತಲೆನೋವು ಇನ್ನೊಬ್ಬರ ಹೆಗಲಿಗೆ ಹೋದರೆ ಯಾವ ಅಧ್ಯಕ್ಷರು ತಾನೇ ಬೇಡ ಎಂದಾರು? ಭೀಮರಾಯರು ಅಲ್ಲೇ ಅವರನ್ನು 'ಸೈಬರ್ ಭದ್ರತಾ ಕಾರ್ಯದರ್ಶಿ' ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಚನ್ನಬಸಯ್ಯನವರಿಗೆ ಕಂಪ್ಯೂಟರಿನ ವಿದ್ಯೆ ಎಷ್ಟಿತ್ತು ಎಂದರೆ, ಮನೆಯಲ್ಲಿ ಇಂಟರ್ನೆಟ್ ನಿಂತಾಗ ಆ ಡಬ್ಬಿಯ ಸ್ವಿಚ್ಚು ಆರಿಸಿ ಮತ್ತೆ ಹಾಕುವ ಅಧಿಕಾರ ಅವರೊಬ್ಬರಿಗೇ ಇತ್ತು.

ಆದರೆ ಮನುಷ್ಯ ಶ್ರದ್ಧಾವಂತ. ಕಂಪನಿಯವರಿಗೆ ದಿನಕ್ಕೊಮ್ಮೆ ಫೋನು ಮಾಡಿ ಪೀಡಿಸಿ, ಎಲ್ಲವನ್ನೂ ತಿಳಿದುಕೊಂಡರು. ಇಂಟರ್ನೆಟ್ಟಿಗೆ ಬರುವ ಪ್ರತಿಯೊಬ್ಬರಿಗೂ ಅಂಕಿಗಳಲ್ಲಿ ಒಂದು ವಿಳಾಸ ಇರುತ್ತದೆ. ಅದಕ್ಕೆ ಐಪಿ ಎನ್ನುತ್ತಾರೆ. ಬಾಗಿಲು ತಟ್ಟಿದವರ ವಿಳಾಸವನ್ನೆಲ್ಲ ಸರ್ವರು ಬರೆದಿಡುತ್ತದೆ. ಇಂಥ ದುಷ್ಟ ವಿಳಾಸಗಳ ಮೇಲೆ ದೂರು ಕೊಡಲೆಂದೇ ಒಂದು ವೆಬ್‌ಸೈಟಿದೆ. ಜಗತ್ತಿನ ಯಾರು ಬೇಕಾದರೂ ಅಲ್ಲಿ ದೂರು ಹಾಕಬಹುದು. ದೂರು ಹೆಚ್ಚಾದಂತೆ ಆ ವಿಳಾಸದ ಹೆಸರು ಕೆಡುತ್ತ ಹೋಗುತ್ತದೆ, ದೊಡ್ಡ ದೊಡ್ಡ ಕಂಪನಿಗಳು ಅದನ್ನು ನೋಡಿ ಆ ವಿಳಾಸದವರನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಇದನ್ನು ಕೇಳಿ ಚನ್ನಬಸಯ್ಯನವರ ಕಣ್ಣು ಒದ್ದೆಯಾಯಿತು. ಇಡೀ ಜಗತ್ತಿಗೇ ಒಂದು ಗೇಟ್ ಪಾಸ್ ವ್ಯವಸ್ಥೆ ಇರುವುದು ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ಅವರ ದಿನಚರಿ ಬದಲಾಯಿತು. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಡಿಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ದೂರು ಹಾಕುತ್ತಿದ್ದರು. ಬೇರೆಯವರು ಒಂದೆರಡು ಪದ ಗೀಚಿ ಮುಗಿಸುವ ಜಾಗದಲ್ಲಿ ಇವರು ಸ್ಟೋರಿನ ಇಂಗ್ಲಿಷಿನಲ್ಲಿ, 'ಮಾನ್ಯರೇ, ಮೇಲ್ಕಂಡ ವಿಳಾಸದವರು ಯಾವ ಪೂರ್ವಾನುಮತಿಯೂ ಇಲ್ಲದೆ ನಮ್ಮ ಬಾಗಿಲನ್ನು ತಟ್ಟಿ ಉಪದ್ರವ ಕೊಟ್ಟಿರುತ್ತಾರೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ' ಎಂದು ಆರಂಭಿಸಿ, 'ತಮ್ಮ ವಿಶ್ವಾಸಿ' ಎಂದು ಮುಗಿಸುತ್ತಿದ್ದರು.

"ಇವತ್ತ ಬಲ್ಗೇರಿಯಾದವ ಒಬ್ಬವ ಸಿಕ್ಕ ನೋಡು," ಎಂದು ಹೆಂಡತಿಗೆ ಹೇಳುತ್ತಿದ್ದರು.

"ಅವಗ ನಮ್ಮ ವಧು-ವರರ ಪುಟ ಯಾಕ ಬೇಕಾಗಿತ್ತು?"

"ಅದ ನನಗೂ ತಿಳೀವಲ್ದು."

"ಪಾಪ, ಅವರ ಕಡೆ ಹೆಣ್ಣ ಸಿಗೂದಿಲ್ಲೇನೋ," ಎಂದು ಶರಣವ್ವ ರೊಟ್ಟಿ ತಟ್ಟುತ್ತ ಮರುಗುತ್ತಿದ್ದಳು.

ಬ್ರೆಜಿಲ್, ವಿಯೆಟ್ನಾಮ್, ಯಾವ ಯಾವುದೋ ದೇಶಗಳ ವಿಳಾಸಗಳ ನಡುವೆ ಒಂದು ದಿನ ಮುಂಬಯಿಯದೇ ಒಂದು ವಿಳಾಸ ಕಾಣಿಸಿತು. ಉಳಿದವು ನಿಮಿಷಕ್ಕೆ ನೂರಾರು ಸಲ ಬಾಗಿಲು ಬಡಿದು ಹೋಗುವಂಥವು. ಇದು ಹಾಗಲ್ಲ. ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬರುತ್ತಿತ್ತು, ನಾಲ್ಕಾರು ಸಲ ಸಾವಕಾಶವಾಗಿ ತಟ್ಟುತ್ತಿತ್ತು, ತೆರೆಯದಿದ್ದರೆ ಸುಮ್ಮನೆ ಹೋಗಿ ಮರುದಿನ ಮತ್ತೆ ಬರುತ್ತಿತ್ತು. ಇಂಥ ತಾಳ್ಮೆ ಪಕ್ಕಾ ಖದೀಮನಿಗೆ ಮಾತ್ರ ಇರುತ್ತದೆಂದು ಚನ್ನಬಸಯ್ಯನವರಿಗೆ ಸ್ಟೋರಿನ ಅನುಭವದಿಂದ ತಿಳಿದಿತ್ತು.

ವಿಳಾಸವನ್ನು ನಕಾಶೆಯಲ್ಲಿ ಹಾಕಿ ನೋಡಿದರು. ಸಾಂತಾಕ್ರೂಜ್ ಪೂರ್ವ, ಸ್ಟೇಶನ್ನಿನ ಹತ್ತಿರದ ಒಂದು ಗಲ್ಲಿಯ ಮೇಲೆ ಕೆಂಪು ಗುರುತು ಬಂದು ನಿಂತಿತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು ಅಂದಾಜು ಮಾತ್ರ' ಎಂದು ಬರೆದಿತ್ತು. ಸಣ್ಣ ಅಕ್ಷರ ಓದಲು ಬೇಕಾದ ಕನ್ನಡಕ ದೇವರ ಮನೆಯಲ್ಲಿತ್ತು. ಅವರು ತರ್ಕ ಹೂಡಿದರು: ಕನ್ನಡ ಬಳಗದ ಬಾಗಿಲು ತಟ್ಟುವವನು ಕನ್ನಡದವನೇ ಇರಬೇಕು. ಆ ಗಲ್ಲಿಯಲ್ಲಿ ಕನ್ನಡದವರು ಎಂದರೆ ಯಾರು? ಹೊಟೇಲ್ ಶಾಂಭವಿಯವರು. ಅಲ್ಲಿಗೆ ಪ್ರಕರಣ ಅರ್ಧ ಬಗೆಹರಿದಂತಾಯಿತು.

ಮುಂದಿನ ಭಾನುವಾರ ಬಳಗದ ಸಭೆ. ಹೊಟೇಲಿನ ಹೆಸರನ್ನು ತನಿಖೆಯ ದೃಷ್ಟಿಯಿಂದ ಗುಟ್ಟಾಗಿಟ್ಟು, ಚನ್ನಬಸಯ್ಯನವರು ವಿಳಾಸವನ್ನಷ್ಟೇ ಸಭೆಯ ಮುಂದಿಟ್ಟರು. ಭೀಮರಾಯರು ಕೆರಳಿ ಕೆಂಡವಾದರು. ಬಳಗದ ಸಂಪ್ರದಾಯದಲ್ಲಿ ಇಂಥದಕ್ಕೆಲ್ಲ ಒಂದೇ ಮದ್ದು, ಖಂಡನಾ ನಿರ್ಣಯ. ಹಿಂದೆ ರೈಲು ತಡವಾದದ್ದಕ್ಕೂ, ಸಭಾಗೃಹದ ಫ್ಯಾನು ತಿರುಗದಿದ್ದಕ್ಕೂ ಬಳಗ ಖಂಡನಾ ನಿರ್ಣಯ ಮಾಡಿತ್ತು. ಈಗ ಅಂಕಿ, ಚುಕ್ಕೆ, ಅಂಕಿ ಎಂದು ಬಿಡಿಬಿಡಿಯಾಗಿ ಓದಿ, ಸದರಿ ವಿಳಾಸವನ್ನು ಈ ಸಭೆ ಉಗ್ರವಾಗಿ ಖಂಡಿಸುತ್ತದೆ ಎಂದು ಸೂಚಿಸಲಾಯಿತು, ಅನುಮೋದಿಸಲಾಯಿತು. ಹಿರಿಯರೊಬ್ಬರು ಎದ್ದು, ಖಂಡಿಸುವ ಮೊದಲು ವಿಳಾಸದವರ ಅಹವಾಲನ್ನೂ ಕೇಳುವುದು ನ್ಯಾಯವಲ್ಲವೇ ಎಂದರು. ಉಪ್ಪಿಟ್ಟು ಆರುತ್ತದೆ ಎಂದು ಅವರನ್ನು ಕೂರಿಸಲಾಯಿತು.

ಬರೀ ಖಂಡಿಸಿದರೆ ಸಾಲದೆಂದು, ಸದಸ್ಯರೆಲ್ಲ ತಮ್ಮ ತಮ್ಮ ಫೋನಿನಿಂದ ಆ ಜಾಗತಿಕ ವೆಬ್‌ಸೈಟಿಗೆ ಒಂದೊಂದು ದೂರು ಹಾಕಬೇಕೆಂದೂ ತೀರ್ಮಾನವಾಯಿತು. ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹಿರಿಯರೆಲ್ಲ ದೂರು ಒತ್ತಿದರು. ಕಣ್ಣು ಕಾಣದವರಿಗೆ ಚನ್ನಬಸಯ್ಯನವರೇ ಒತ್ತಿಕೊಟ್ಟರು. ಒಬ್ಬರು ಇದೇ ಸಂದರ್ಭವೆಂದು ತಮ್ಮ ಬಿಲ್ಡಿಂಗಿಗೆ ನೀರು ಸರಿಯಾಗಿ ಬರುತ್ತಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದರು.

ಅಂದು ಊಟಕ್ಕೆ ಕುಳಿತಾಗ ಚನ್ನಬಸಯ್ಯನವರು ಮನೆಯಲ್ಲಿ ಮಾತ್ರ ಗುಟ್ಟು ಬಿಟ್ಟರು.

"ಸಾಂತಾಕ್ರೂಜ್‌ನಾಗ ಹೊಟೇಲ್ ಶಾಂಭವಿ ಅಂತ ಐತಿ. ನಾಳಿಂದ ದಿನಾ ಹೋಗಿ ಅಲ್ಲೇ ಕುಂದ್ರಾಂವ ನಾ. ಅಲ್ಲೊಬ್ಬ ಹುಡುಗನ್ನ ಸ್ವಲ್ಪ ನೋಡೂದೈತಿ."

ಮಗಳು ಸ್ನೇಹಲ್ ತುತ್ತು ಎತ್ತಿದವಳು ಹಾಗೇ ಕುಳಿತಳು. "ಯಾವ... ಯಾವ ಹುಡುಗ ಪಪ್ಪಾ?"

"ಹೊಟೇಲ್ ಮಾಲಕನ ಮಗ ಇರಬೇಕು. ಕಂಪ್ಯೂಟರ್ ಗಿಂಪ್ಯೂಟರ್ ಬಲ್ಲಾಂವ ಅಂದ್ರ ಅಂವನ. ನನಗ ಎಲ್ಲಾ ಗೊತ್ತಾಗೇತಿ."

ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಚನ್ನಬಸಯ್ಯನವರಿಗೆ ಏನೇನೂ ಗೊತ್ತಾಗಿರಲಿಲ್ಲ. ಹೊಟೇಲ್ ಶಾಂಭವಿಯ ಮಾಲೀಕ ಕೊರಗಪ್ಪನವರ ಮಗ ಪ್ರಶಾಂತ ಮತ್ತು ಸ್ನೇಹಲ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಮದುವೆಯಾಗಬೇಕೆಂದು ಆಗಲೇ ನಿಶ್ಚಯಿಸಿಕೊಂಡವರು. ಪ್ರಶಾಂತ ತನ್ನ ಮನೆಯಲ್ಲಿ ಹೇಳಿದ್ದ. ಸ್ನೇಹಲ್‌ಗೆ ಧೈರ್ಯ ಬಂದಿರಲಿಲ್ಲ. ಅವರು ಮುಲ್ಕಿ ಕಡೆಯವರು, ತುಳು ಮಾತಾಡುವವರು, ಮೀನು ತಿನ್ನುವವರು. ಇವರು ವಿಜಯಪುರ ಜಿಲ್ಲೆಯ ಅಯ್ಯನವರು, ಈರುಳ್ಳಿಯನ್ನೂ ಸೋಮವಾರ ಮುಟ್ಟದವರು. ಅಪ್ಪ ಒಂದು ಸಲ ಬೇಡವೆಂದರೆ ಮುಗಿಯಿತು, ಅವಳ ಬಾಳು ಅಲ್ಲಿಗೆ ನಿಂತಂತೆಯೇ.

"ಪಪ್ಪಾ, ಪ್ಲೀಸ್, ಜಗಡಾ ಮಾಡಬ್ಯಾಡ್ರಿ ನಾ," ಎಂದಳು. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡ ಹೀಗೆಯೇ.

"ಜಗಳ ಯಾಕ ಮಾಡ್ಲಿ? ಸುಮ್ಮ ಕುಂತು ನೋಡಾಂವ. ಹುಡುಗ ಎಂಥಾಂವ, ಎತ್ತಾಂವ, ಎಲ್ಲಾ ತಿಳಕೊಂಡು ಆಮ್ಯಾಲ ತೀರ್ಮಾನ."

ಸ್ನೇಹಲ್ ಕೈ ತೊಳೆದು ಎದ್ದವಳೇ ಬಾಲ್ಕನಿಗೆ ಹೋಗಿ ಪ್ರಶಾಂತನಿಗೆ ಫೋನು ಮಾಡಿದಳು. ಪ್ರಶಾಂತ ತಂದೆಗೆ ಹೇಳಿದ. ಕೊರಗಪ್ಪನವರು ಹೊಟೇಲಿನ ಆಳುಕಾಳುಗಳನ್ನೆಲ್ಲ ಅಡುಗೆಮನೆಗೆ ಕರೆದು, "ನಾಳೆ ಹುಡುಗಿಯ ತಂದೆ ಬರ್ತಾರೆ ಮಾರಾಯ್ರೆ. ಗುಟ್ಟಿನಲ್ಲಿ ಹುಡುಗನ ವಿಚಾರಿಸ್ಲಿಕ್ಕೆ. ನಮಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾಗಬಾರದು," ಎಂದು ಕಟ್ಟಪ್ಪಣೆ ಮಾಡಿದರು.

ಮರುದಿನ ಚನ್ನಬಸಯ್ಯನವರು ಹೊಟೇಲಿಗೆ ಕಾಲಿಟ್ಟಾಗ ಕಂಬದ ಪಕ್ಕದ ಮೇಜನ್ನು ಒರೆಸಿ ಸಿದ್ಧ ಮಾಡಿಟ್ಟಿದ್ದರು. ಅದು ಗಲ್ಲಾಪೆಟ್ಟಿಗೆ ನೇರವಾಗಿ ಕಾಣುವ ಜಾಗ, ತನಿಖೆಗೆ ಹೇಳಿ ಮಾಡಿಸಿದ್ದು. ಗಲ್ಲಾದಲ್ಲಿ ಎತ್ತರದ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ಇವರನ್ನು ಕಂಡವನೇ ಎದ್ದು ನಿಂತ, ಬೆವರಿದ. ಅಪರಾಧಿಯ ಲಕ್ಷಣ ಎಂದುಕೊಂಡು ಚನ್ನಬಸಯ್ಯನವರು ಕುಳಿತರು. ಹಿರಿಯ ವೇಟರ್ ದೂಜ ಕೇಳದೆಯೇ ನೀರುದೋಸೆ ತಂದಿಟ್ಟ.

"ಆ ಗಲ್ಲಾದ ಮ್ಯಾಲಿನ ಹುಡುಗ ಎಷ್ಟು ವರ್ಷದಿಂದ ಅದಾನ ಇಲ್ಲಿ?" ಎಂದು ಚನ್ನಬಸಯ್ಯನವರು ಏನೂ ಅಲ್ಲವೆಂಬಂತೆ ಕೇಳಿದರು.

"ಧಣಿಗಳ ಮಗ. ಬೆಳಿಗ್ಗೆ ತರಕಾರಿ ಅವರೇ ನೋಡಿ ತೆಗಿಯುದು."

"ಕುಡಿಯೂದು ಗಿಡಿಯೂದು?" ಯಾವ ಕಳ್ಳತನದ ಹಿಂದೆಯೂ ಒಂದು ಚಟ ಇದ್ದೇ ಇರುತ್ತದೆಂಬುದು ಅವರ ಸಿದ್ಧಾಂತ.

"ಅಯ್ಯೋ! ಚಹಾ ಸಹ ಇಲ್ಲ ಇವರೆ. ಮಜ್ಜಿಗೆ."

"ಸಾಲ ಗೀಲ?"

"ಸ್ವಂತ ಫ್ಲ್ಯಾಟ್ ಉಂಟು. ಊರಿನಲ್ಲಿ ಮನೆ ಉಂಟು. ತೆಂಗಿನ ತೋಟ ಉಂಟು."

ಹಣಕ್ಕಾಗಿ ಅಲ್ಲವೆಂದ ಮೇಲೆ ಪ್ರಕರಣ ಇನ್ನೂ ಗಂಭೀರವಾಯಿತು. ಚನ್ನಬಸಯ್ಯನವರು ದನಿ ತಗ್ಗಿಸಿದರು. "ಹುಡಿಗ್ಯಾರ ಸಹವಾಸ?"

ದೂಜ ಮೇಲೆ ಫ್ಯಾನನ್ನು ನೋಡಿದ, ಕೆಳಗೆ ನೆಲವನ್ನು ನೋಡಿದ. "ಒಂದೇ ಒಂದು. ಅದು ಬಹಳ ಒಳ್ಳೆ ಮನೆತನದ್ದು. ಹುಡುಗಿಯ ತಂದೆಯವರಂತೂ ದೇವರಂಥ ಮನುಷ್ಯ," ಎಂದು ಹೇಳಿ ಓಡಿಹೋಗಿ ಗೋಳಿಬಜೆ ತಂದ.

ಬಿಲ್ಲು ಬರಲಿಲ್ಲ. ಕೇಳಿದರೆ ಧಣಿಗಳು ಬೇಡವೆಂದಿದ್ದಾರೆ ಎಂಬ ಉತ್ತರ ಬಂತು. ಲಂಚ! ಚನ್ನಬಸಯ್ಯನವರು ದುಡ್ಡನ್ನು ಬಸಿಯ ಕೆಳಗೆ ತುರುಕಿ, ಮಾನ ಉಳಿಸಿಕೊಂಡು ಹೊರಬಿದ್ದರು. ಕೊರಗಪ್ಪನವರಿಗೆ ಇದನ್ನು ಕೇಳಿ ಎದೆ ತುಂಬಿ ಬಂತು. "ನೋಡು ಎಷ್ಟು ಮರ್ಯಾದಸ್ಥರು! ಸಂಬಂಧ ಆಗುವ ತನಕ ನೀರು ಸಹ ಬಿಟ್ಟಿ ಕುಡಿಯುದಿಲ್ಲ," ಎಂದು ಹೆಂಡತಿ ವಿನೋದಿನಿಗೆ ತುಳುವಿನಲ್ಲಿ ಹೇಳಿದರು. ವಿನೋದಿನಿಯಮ್ಮ ಮಧ್ಯಾಹ್ನದ ಹೊತ್ತು ಫ್ಯಾಮಿಲಿ ರೂಮಿನ ಪರದೆಯ ಹಿಂದೆ ಫೋನು ಹಿಡಿದು ಕೂರುವವರು. ಚನ್ನಬಸಯ್ಯನವರು ಅವರಿಗೆ ದಿನಾ ಕೈ ಮುಗಿದು ಹೋಗುತ್ತಿದ್ದರು. ಇಂಥ ಸಾಧ್ವಿಯ ಹೊಟ್ಟೆಯಲ್ಲಿ ಎಂಥವನು ಹುಟ್ಟಿದ ಎಂದು ಮನಸ್ಸಿನಲ್ಲೇ ಮರುಗುತ್ತಿದ್ದರು.

ತನಿಖೆ ಮುಂದುವರಿಯಿತು. ಆದರೆ ದಿನ ಕಳೆದಂತೆ ತನಿಖಾಧಿಕಾರಿಗೇ ಏನೋ ಎಡವಟ್ಟಾಗತೊಡಗಿತು. ದಿನಾ ಬರುವ ಮುದುಕರೊಬ್ಬರಿಗೆ ಕೈ ನಡುಗುತ್ತಿತ್ತು. ಪ್ರಶಾಂತ ಅವರಿಗೆ ಮಾತ್ರ ಅರ್ಧ ಲೋಟ ಕಾಫಿ ಕೊಟ್ಟು, ಅದು ಮುಗಿದ ಮೇಲೆ ಉಳಿದರ್ಧವನ್ನು ತಾನೇ ಬಿಸಿಯಾಗಿ ತಂದು ಹಾಕುತ್ತಿದ್ದ, ಚೆಲ್ಲಬಾರದೆಂದು. ಅಡುಗೆಯವನ ಕೈಯಿಂದ ತಟ್ಟೆಗಳ ಅಟ್ಟಿಯೇ ಬಿದ್ದು ಒಡೆದಾಗ, ಬೈಯದೆ, ಕಾಲಿಗೆ ಚುಚ್ಚೀತು ಎಂದು ತಾನೇ ಕೂತು ಚೂರು ಆರಿಸಿದ್ದ. ತಂದೆ ಬಂದರೆ ಕುರ್ಚಿ ಬಿಡುತ್ತಿದ್ದ. ತಾಯಿಯ ಊಟವಾದ ಮೇಲೆಯೇ ಅವನ ಊಟ. ಚನ್ನಬಸಯ್ಯನವರಿಗೆ ಅವನು ಹಿಡಿಸಿಬಿಟ್ಟ. ಕಳ್ಳನೊಬ್ಬ ಹೀಗೆ ಮನಸ್ಸಿಗೆ ಹಿಡಿಸುವುದು ಅವರ ಇಷ್ಟು ವರ್ಷದ ಸ್ಟೋರ್ ಜೀವನದಲ್ಲಿ ಆಗಿರಲಿಲ್ಲ, ಅವರಿಗೆ ನಿಜವಾಗಿಯೂ ಸಂಕಟವಾಯಿತು.

ಅಷ್ಟರಲ್ಲಿ ಖಂಡನಾ ನಿರ್ಣಯ ತನ್ನ ಕೆಲಸ ಮಾಡಿತು. ಹೊಟೇಲಿನ ಮುಂದೆ ಸದಾ ಗಿಜಿಗುಡುತ್ತಿದ್ದ ಡೆಲಿವರಿ ಹುಡುಗರು ಒಂದು ದಿನ ಬರಲೇ ಇಲ್ಲ. ಪ್ರಶಾಂತ ಫೋನು ಹಿಡಿದು ಯಾರ ಯಾರಲ್ಲೋ ಬೇಡಿಕೊಳ್ಳುತ್ತಿದ್ದ. ಹೊಟೇಲಿನ ಇಂಟರ್ನೆಟ್ ವಿಳಾಸದ ಮೇಲೆ ರಾಶಿ ದೂರು ಬಿದ್ದಿದೆಯಂತೆ, ಆರ್ಡರ್ ತರುವ ಕಂಪನಿಗಳು ಅವರ ಕಂಪ್ಯೂಟರನ್ನು ಒಳಗೇ ಬಿಟ್ಟುಕೊಳ್ಳುತ್ತಿಲ್ಲವಂತೆ. ಕಟ್ಟಿಟ್ಟ ಪೊಟ್ಟಣಗಳು ಮೇಜಿನ ಮೇಲೆ ಆರುತ್ತಿದ್ದವು. ತನ್ನ ಊಹೆ ಸರಿಯಾಗಿತ್ತು, ಅದೇ ಹೊಟೇಲು, ಅದೇ ವಿಳಾಸ. ಗೆದ್ದ ಖುಷಿಯಿಂದ ಕಾಫಿ ಕುಡಿಯಬೇಕಾಗಿದ್ದ ಚನ್ನಬಸಯ್ಯನವರು ಅಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಹುಡುಗ ಚಲೋ ಅದಾನ್ರಿ," ಎಂದು ಭೀಮರಾಯರಿಗೆ ಫೋನಿನಲ್ಲಿ ಹೇಳಿ ನೋಡಿದರು.

"ಚಲೋ ಇದ್ದಾಂವ ಮಂದಿ ಬಾಗಲಾ ಯಾಕ ಬಡೀತಾನ್ರಿ? ಕಾರ್ಯದರ್ಶಿ ಇದ್ದೀರೋ, ಅವನ ಮಾಮಾ ಇದ್ದೀರೋ?" ಎಂದು ಭೀಮರಾಯರು ಗದರಿದರು. "ಹೆಸರ ಸಮೇತ ಪೊಲೀಸರಿಗೆ ದೂರ ಕೊಡ್ರಿ!"

ಕಾರ್ಯದರ್ಶಿ ಎಂಬ ಪದವನ್ನು ಕೇಳಿದ ಮೇಲೆ ಚನ್ನಬಸಯ್ಯನವರಿಗೆ ಬೇರೆ ದಾರಿ ಇರಲಿಲ್ಲ. ಶುಕ್ರವಾರ ಸೈಬರ್ ವಿಭಾಗದ ಇನ್‌ಸ್ಪೆಕ್ಟರ್ ಶುಭಾಂಗಿಯವರ ಮುಂದೆ ನಿಂತು, ಪ್ರಶಾಂತನ ಹೆಸರು ಬರೆದು ದೂರು ಕೊಟ್ಟರು. ಆಕೆ ಮರಾಠಿಯಲ್ಲಿ, ನಕಾಶೆಯ ಗುರುತು ಮನೆ ತೋರಿಸುವುದಿಲ್ಲ ಕಾಕಾ, ಏರಿಯಾ ತೋರಿಸುತ್ತದೆ ಅಷ್ಟೇ ಎಂದರು. ಇವರು ತಮ್ಮ ತರ್ಕವನ್ನೂ ಡೆಲಿವರಿ ನಿಂತ ಸಂಗತಿಯನ್ನೂ ವಿವರಿಸಿದರು. ಸರಿ, ಸೋಮವಾರ ಹುಡುಗನನ್ನು ಕರೆಸಿ ಕೇಳೋಣ ಎಂದು ಆಕೆ ಕಾಗದ ತೆಗೆದಿಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಚನ್ನಬಸಯ್ಯನವರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಕೊರಗಪ್ಪನವರು, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ಪಕ್ಕದಲ್ಲಿ ವಿನೋದಿನಿಯಮ್ಮ, ಕೈಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ, ಹಲಸಿನ ಹಪ್ಪಳ, ಹಣ್ಣಿನ ಬುಟ್ಟಿ. ಆರೋಪಿಯ ತಂದೆತಾಯಿ ಕಾಲಿಗೆ ಬೀಳಲು ಬಂದರೆಂದೇ ಚನ್ನಬಸಯ್ಯನವರು ತಿಳಿದು, ಮುಖವನ್ನು ಗಂಟುಹಾಕಿಕೊಂಡು ಕುಳಿತರು.

"ನಾವಾಗಿ ಬರಬಾರದಿತ್ತು. ನಿಮ್ಮ ವಿಚಾರಣೆ ಮುಗಿಯುವ ತನಕ ಕಾಯ್ಬೇಕಿತ್ತು," ಎಂದು ಕೊರಗಪ್ಪನವರು ಶುರು ಮಾಡಿದರು. "ಆದರೆ ಮನಸ್ಸು ತಡೀಲಿಲ್ಲ ಮಾರಾಯ್ರೆ. ಹುಡುಗ ಹುಡುಗಿ ಇಷ್ಟಪಟ್ಟಿದ್ದಾರೆ ಅಂತ ಗೊತ್ತಾದ ಕೂಡ್ಲೇ ಬೇರೆ ಯಾರಾದರೂ ಆಗಿದ್ದರೆ ದೊಣ್ಣೆ ಹಿಡ್ಕೊಂಡು ಬರ್ತಿದ್ದರು. ನಿಮ್ಮದು ಬೇರೆ ಜಾತಿ, ನಮ್ಮದು ಬೇರೆ. ನಾವು ಮೀನು ತಿನ್ನುವವರು. ನೀವು ಒಂದು ಕೆಟ್ಟ ಮಾತು ಆಡದೆ, ದಿನಾ ಬಂದು ಕೂತು, ಹುಡುಗ ಹೇಗೆ ಅಂತ ಕಣ್ಣಾರೆ ನೋಡಿದ್ರಿ. ಮಗಳ ಮೇಲೆ ಇಷ್ಟು ಪ್ರೀತಿ ಇಟ್ಟ ತಂದೆಯನ್ನು ನಾನು ನೋಡಿದ್ದಿಲ್ಲ."

ಅವರು ಕಣ್ಣು ಒರೆಸಿಕೊಂಡರು. ಚನ್ನಬಸಯ್ಯನವರು ಮಗಳ ಕಡೆ ನೋಡಿದರು. ಅವಳು ಬಾಗಿಲಿಗೆ ಒರಗಿ, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ನೀರುದೋಸೆ, ಬಾರದ ಬಿಲ್ಲು, ಫ್ಯಾನು ನೋಡಿದ ದೂಜ, ಎಲ್ಲವೂ. ಅವರಿಗೆ ಕುಳಿತ ಕುರ್ಚಿಯೇ ಕುಸಿದಂತಾಯಿತು.

"ಇದರ ಮಧ್ಯೆ ಯಾರೋ ಪಾಪಿಗಳು ನಮ್ಮ ಹೊಟೇಲಿನ ಹೆಸರು ಕೆಡಿಸಿ ಹಾಕಿದ್ದಾರೆ," ಎಂದರು ಕೊರಗಪ್ಪನವರು.

"ಹೌದ್ರಿ. ಪಾಪಿಗಳು," ಎಂದರು ಚನ್ನಬಸಯ್ಯನವರು.

ಆಗ ವಿನೋದಿನಿಯಮ್ಮ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು. "ನಂದೂ ಒಂದು ತಪ್ಪುಂಟು. ನಿಮಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಮಗ ಹುಡುಗಿಯ ಹೆಸರು ಹೇಳಿದ. ಫೋಟೋ ಕೇಳ್ಲಿಕ್ಕೆ ನನಗೆ ನಾಚಿಕೆ. ನಿಮ್ಮ ಬಳಗದ ವಧು-ವರರ ಪುಟದಲ್ಲಿ ಇರಬಹುದು ಅಂತ ದಿನಾ ಊಟದ ಗಿರಾಕಿ ಹೋದ ಮೇಲೆ ಹೊಟೇಲಿನ ವೈಫೈ ಹಾಕಿ ಫೋನಿನಲ್ಲಿ ನೋಡ್ಲಿಕ್ಕೆ ಕೂತ್ಕೊಳ್ಳುದು. ನಾನು ಹಳೇ ಸದಸ್ಯೆ, ಆದರೆ ಪಾಸ್‌ವರ್ಡ್ ಮರ್ತಿದ್ದೇನೆ. ಎಷ್ಟು ಒತ್ತಿದರೂ ಬಾಗಿಲು ತೆರೀಲಿಲ್ಲ. ಕದ್ದು ನೋಡಬೇಕು ಅಂತ ಅಲ್ಲ ಭಾವ. ಮಗನ ಮನಸ್ಸಿನಲ್ಲಿ ಇದ್ದವಳ ಮುಖ ಒಮ್ಮೆ ಕಾಣ್ಬೇಕಿತ್ತು."

ಪ್ರಕರಣ ಬಯಲಾಯಿತು. ಪರದೆಯ ಹಿಂದೆ ತಾಳ್ಮೆಯಿಂದ ಬಾಗಿಲು ತಟ್ಟುತ್ತಿದ್ದ ಮಹಾ ಖದೀಮರು ಇವರೇ, ಚನ್ನಬಸಯ್ಯನವರು ದಿನಾ ಕೈ ಮುಗಿಯುತ್ತಿದ್ದವರು. ಸೈಬರ್ ಭದ್ರತಾ ಕಾರ್ಯದರ್ಶಿಯೊಬ್ಬರ ಜೀವನದಲ್ಲಿ ಇದಕ್ಕಿಂತ ದೊಡ್ಡ ವಿಜಯ ಇನ್ನೊಂದಿರಲಾರದು. ಅದನ್ನು ಹೇಳಿಕೊಳ್ಳಲು ಮಾತ್ರ ಜಗತ್ತಿನಲ್ಲಿ ಒಂದು ಕಿವಿಯೂ ಇರಲಿಲ್ಲ.

ಶರಣವ್ವ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಿಮಗ ಎಲ್ಲಾ ಗೊತ್ತಿತ್ತು. ನನಗೊಂದು ಮಾತ ಹೇಳಬಾರದೇನ್ರಿ? ನಾ ಹೆತ್ತಾಕಿ ಅಲ್ಲೇನು?" ಎಂದು ಸೆರಗಿನಿಂದ ಮೂಗೊರೆಸಿಕೊಂಡಳು. "ಮೀನ ತಿನ್ನೂ ಮನಿ! ಹೋಗ್ಲಿ. ಹುಡುಗ ಹೆಂಗದಾನ, ಅದನ್ನರ ಹೇಳ್ರಿ."

ಚನ್ನಬಸಯ್ಯನವರು ಬಾಯಿ ತೆರೆದರು. ಅರ್ಧ ಲೋಟದ ಕಾಫಿಯ ಕಥೆ ಹೇಳಿದರು. ಒಡೆದ ತಟ್ಟೆಯ ಕಥೆ ಹೇಳಿದರು. ತಂದೆಗೆ ಕುರ್ಚಿ ಬಿಡುವುದನ್ನೂ ತಾಯಿ ಉಂಡ ಮೇಲೆ ಉಣ್ಣುವುದನ್ನೂ ಹೇಳಿದರು. ಶರಣವ್ವ ಕೇಳಿ ಕೇಳಿ ಮೆತ್ತಗಾಗಿ, "ಮತ್ತ ಹೂಂ ಅನ್ನಾಕ ಏನ ಧಾಡಿ?" ಎಂದಳು.

ಹೂಂ ಎನ್ನಲು ಚನ್ನಬಸಯ್ಯನವರಿಗೆ ನಾಲಿಗೆ ಏಳಲಿಲ್ಲ. ಆ ಹುಡುಗನ ಹೆಸರು ಪೊಲೀಸರ ಮೇಜಿನ ಮೇಲೆ ಅವರದೇ ಅಕ್ಷರದಲ್ಲಿ ಬಿದ್ದಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅವನ ತಂದೆಯ ಕೈಯಿಂದ ಹಣ್ಣಿನ ಬುಟ್ಟಿ ಇಸಿದುಕೊಳ್ಳುವುದು ಹೇಗೆ? ಹೊರಗೆ ಬಂದು, "ನಾಳೆ ತನಕ ಟೈಮ್ ಕೊಡ್ರಿ," ಎಂದಷ್ಟೇ ಹೇಳಿದರು. ಕೊರಗಪ್ಪನವರ ಮುಖ ಬಾಡಿತು. ಬುಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ದಂಪತಿಗಳು ಮೆಟ್ಟಿಲಿಳಿದರು.

"ಇಷ್ಟು ದಿನ ನೋಡಿ ಭೀ ನಿಮಗ ಅಂವ ಪಸಂದ್ ಆಗ್ಲಿಲ್ಲ ಪಪ್ಪಾ?" ಎಂದಳು ಸ್ನೇಹಲ್. ಉತ್ತರಕ್ಕೆ ಕಾಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚನ್ನಬಸಯ್ಯನವರು ಬಾಗಿಲ ಹೊರಗೆ ನಿಂತು, ಎರಡು ಸಲ ತಟ್ಟಿದರು. ಅದು ತೆರೆಯಲಿಲ್ಲ.

ಭೀಮರಾಯರಿಗೆ ಫೋನು ಮಾಡಿ ದೂರುಗಳನ್ನೆಲ್ಲ ವಾಪಸು ತೆಗೆಸಬೇಕೆಂದರು. ಒಮ್ಮೆ ಸರ್ವಾನುಮತದಿಂದ ಖಂಡಿಸಿದ್ದನ್ನು ಸರ್ವಸಾಧಾರಣ ಸಭೆ ಕರೆಯದೆ ಖಂಡಿಸದಿರಲು ಬರುವುದಿಲ್ಲ ಎಂದು ಅಧ್ಯಕ್ಷರು ನಿಯಮ ತೋರಿಸಿದರು. "ಹಂಗಾದ್ರ ನನ್ನ ರಾಜೀನಾಮೆ ತಗೋರಿ," ಎಂದು ಚನ್ನಬಸಯ್ಯನವರು ಫೋನಿಟ್ಟರು. ಅಷ್ಟು ವರ್ಷ ಹಂಬಲಿಸಿದ ಹುದ್ದೆ ಆಮಂತ್ರಣ ಪತ್ರಿಕೆಯಲ್ಲಿ ಒಮ್ಮೆಯೂ ಅಚ್ಚಾಗದೆ ಹೋಯಿತು. ಆಮೇಲೆ ಬಳಗದ ಹಿರಿಯರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ದೂರು ಅಳಿಸುವುದು ಹೇಗೆಂದು ಹೇಳಿಕೊಟ್ಟು, ಬೇಡಿಕೊಂಡು ಅಳಿಸುವಂತೆ ಮಾಡಿದರು. ಬಿಲ್ಡಿಂಗಿನ ನೀರಿನ ದೂರು ಕೊಟ್ಟವರು ಮಾತ್ರ ನೀರು ಬಂದ ಮೇಲೆಯೇ ಅಳಿಸುವುದಾಗಿ ಹಟ ಹಿಡಿದರು.

ಸೋಮವಾರ ಬೆಳಿಗ್ಗೆಯೇ ಚನ್ನಬಸಯ್ಯನವರು ಪೊಲೀಸ್ ಠಾಣೆಗೆ ಹೋದರು. ಆದರೆ ಅವರಿಗಿಂತ ಮೊದಲೇ ಬೆಂಚಿನ ಮೇಲೆ ಪ್ರಶಾಂತ ಕುಳಿತಿದ್ದ. ಅವನ ಕೈಯಲ್ಲಿ ದೂರಿನ ಕಾಗದ. ಓದಿ ಮುಗಿಸಿದ್ದ.

"ನೀವಾ?" ಎಂದ. ಕೋಪವಿರಲಿಲ್ಲ, ಅದಕ್ಕೇ ಚನ್ನಬಸಯ್ಯನವರಿಗೆ ಹೆಚ್ಚು ನೋವಾಯಿತು. "ಹೊಟೇಲಿಗೆ ದಿನಾ ಬಂದು ಕೂತದ್ದು ಇದಕ್ಕಾ? ನಾವು ಸ್ನೇಹಲ್‌ಗೋಸ್ಕರ ಅಂತ... ಅಪ್ಪ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದಾರೆ, ಸಾರ್."

ಚನ್ನಬಸಯ್ಯನವರಿಗೆ ಸುಳ್ಳೊಂದು ಬಾಯಿಯ ತನಕ ಬಂತು. ಹುಡುಗನ ಮುಖ ನೋಡಿ ಅದು ಒಳಗೇ ಉಳಿಯಿತು. "ಕಳ್ಳನ್ನ ಹಿಡಿಯಾಕ ಬಂದಿದ್ದೆಪಾ," ಎಂದರು. "ಆದರ ನೋಡಿದ್ದು ನಿನ್ನ."

ಇನ್‌ಸ್ಪೆಕ್ಟರ್ ಶುಭಾಂಗಿ ಇಬ್ಬರನ್ನೂ ಒಳಗೆ ಕರೆದರು. ಮೇಜಿನ ಮುಂದೆ ದೂರುದಾರರನ್ನೂ ಆರೋಪಿಯನ್ನೂ ಅಕ್ಕಪಕ್ಕ ಕೂರಿಸಿದರು.

"ಮೇಡಂ, ಬಾಗಿಲು ತಟ್ಟಿದವರು ಯಾರೆಂದು ಗೊತ್ತಾಯಿತು. ಇವನಲ್ಲ," ಎಂದು ಚನ್ನಬಸಯ್ಯನವರು ತಮ್ಮ ಹರುಕು ಮರಾಠಿಯಲ್ಲಿ ಹೇಳಿದರು.

"ಮತ್ತೆ ಯಾರು?"

ಪಕ್ಕದಲ್ಲಿ ಕುಳಿತವನಿಗೆ ತಾಯಿಯ ಗುಟ್ಟು ಇನ್ನೂ ತಿಳಿದಿರಲಿಲ್ಲ. ಹೇಳಿಬಿಟ್ಟರೆ ಅವರ ತನಿಖೆಗೆ ಜಯ, ಒಬ್ಬ ಮರ್ಯಾದಸ್ಥ ಹೆಣ್ಣುಮಗಳ ಹೆಸರು ಠಾಣೆಯ ಕಾಗದದಲ್ಲಿ. "ನಮ್ಮವರೇ ಒಬ್ಬರು. ಪಾಸ್‌ವರ್ಡ್ ಮರೆತಿದ್ದರು. ತಪ್ಪು ನನ್ನದು, ತಿಳಿಯದೆ ದೂರು ಕೊಟ್ಟೆ," ಎಂದರು.

ಆಕೆ ಪ್ರಶಾಂತನ ಕಡೆ ತಿರುಗಿ, ಈ ಮನುಷ್ಯರಿಂದ ನಿಮ್ಮ ವ್ಯಾಪಾರ ನಿಂತಿದೆ, ನೀವು ಪ್ರತಿದೂರು ಕೊಡುತ್ತೀರಾ, ಇವರು ನಿಮಗೆ ಯಾರು ಎಂದು ಕೇಳಿದರು.

ಅವರು ತನಗೆ ಯಾರೆಂಬುದು ನಿನ್ನೆಯಿಂದ ಪ್ರಶಾಂತನಿಗೂ ಗೊತ್ತಿರಲಿಲ್ಲ. ಅವನು ಚನ್ನಬಸಯ್ಯನವರ ಮುಖವನ್ನೇ ನೋಡಿದ, ಆಕೆಯೂ ನೋಡಿದರು.

ಚನ್ನಬಸಯ್ಯನವರು ಎದ್ದು ನಿಂತು ಟೋಪಿ ಸರಿಪಡಿಸಿಕೊಂಡರು. ಮರಾಠಿ ಮರೆತು ಹೋಗಿ, ಮನೆಯ ಜಗಲಿಯಲ್ಲಿ ನಾಲ್ಕು ಜನ ಹಿರಿಯರ ಮುಂದೆ ಹೇಳುವಂತೆ, ಕನ್ನಡದಲ್ಲೇ ಹೇಳಿದರು:

"ವಿಚಾರಣಿ ಎಲ್ಲಾ ಮುಗೀತ್ರಿ. ಹುಡುಗನ ಮ್ಯಾಲ ನಮ್ಮ ಮನಿಯವರ್ದು ಏನೂ ತಕರಾರಿಲ್ಲ."